ಹಿಂದೆ ಹೋದವಳು

ಫೆಬ್ರವರಿ 4

ಮಾನ್ಯರಿಗೆ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ತಿಳಿದಿರಲಾರದು. ನಿಮ್ಮ ಓಣಿಯ ಕೊನೆಯಲ್ಲಿ ಬೀಗ ಬಿದ್ದಿರುವ ಹಗ್ಗದ ಕಾರ್ಖಾನೆ ಇದೆಯಲ್ಲ, ಅದನ್ನು ನಡೆಸುತ್ತಿದ್ದ ಮನೆಯ ಹುಡುಗಿ ನಾನು. ಹುಡುಗಿ ಎಂದರೆ ನಗಬೇಡಿ. ಕೂದಲು ಅರ್ಧ ಬೆಳ್ಳಗಾಗಿದೆ. ಆದರೆ ನಮ್ಮ ಮನೆಯಲ್ಲಿ ಮದುವೆಯಾಗದವರೆಲ್ಲ ಕೊನೆಯ ತನಕ ಹುಡುಗಿಯರೇ. ಕಾದಂಬರಿ ಬರೆಯುವುದು ನನ್ನ ಕೆಲಸ. ಇಳಿದು ಬಂದೇ ಮಾತಾಡಬಹುದಿತ್ತು, ಆದರೆ ನಮ್ಮ ಮನೆಯವರು ನಿಮ್ಮ ಬಾಗಿಲು ತಟ್ಟಿದ್ದಿಲ್ಲ, ಅದಕ್ಕೇ ಅಂಚೆ.

ನಿಮ್ಮ ತಾಯಿ ನನ್ನ ಅಜ್ಜನ ತಂಗಿ. ಮನೆಯಲ್ಲಿ ಅವರನ್ನು ಸಣ್ಣಮ್ಮ ಎಂದು ಕರೆಯುತ್ತಿದ್ದರಂತೆ. ನಾನು ಅವರನ್ನು ಕಂಡಿಲ್ಲ, ಒಂದು ಫೋಟೋ ಕೂಡ ನೋಡಿಲ್ಲ. ಚಿಕ್ಕಂದಿನಲ್ಲಿ ನಾನು ಮಹಡಿಯ ಕಿಟಕಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಯಾರಾದರೂ ಗದರುತ್ತಿದ್ದರು: "ಏ, ಸಣ್ಣಮ್ಮನ ಥರ ನಿಂತ್ಕೋಬೇಡ." ಸಣ್ಣಮ್ಮ ಏನು ಮಾಡಿದಳು ಎಂದು ಕೇಳಿದರೆ, "ಯಾವನ್ದೋ ಹಿಂದೆ ಹೋದಳು" ಎಂದು ಹೇಳಿ ಬಾಯಿಗೆ ಬೀಗ ಹಾಕುತ್ತಿದ್ದರು. ಆ ಅರ್ಧ ವಾಕ್ಯದ ಉಳಿದರ್ಧವನ್ನು ಹುಡುಕುತ್ತ ನಾನು ಬರೆಯುವವಳಾದೆ ಎಂದು ಈಗ ಅನ್ನಿಸುತ್ತದೆ.

ಈಗ ಆ ಮನೆಯ ಏಳು ಬೀಳಿನ ಕಥೆ ಬರೆಯುತ್ತಿದ್ದೇನೆ. ಮುತ್ತಜ್ಜನ ಸಿರಿತನದಿಂದ ಹಿಡಿದು ಕಾರ್ಖಾನೆಗೆ ಬೀಗ ಬಿದ್ದ ದಿನದವರೆಗೆ. ಅದರ ನಡುವೆ ದೀಪದ ಹಾಗೆ ನಿಮ್ಮ ತಾಯಿ ಇದ್ದಾರೆ: ಒಬ್ಬ ಹಗ್ಗದ ಕೆಲಸಗಾರನ ಪ್ರೀತಿಗಾಗಿ ಅಷ್ಟು ದೊಡ್ಡ ಮನೆಯನ್ನು ಒದ್ದು ಹೋದವರು. ನನ್ನ ಕಾದಂಬರಿಯಲ್ಲಿ ಅವನು ಎತ್ತರದ ಆಳು, ಗುಂಗುರು ಕೂದಲು. ಕೆಲಸ ಮಾಡುತ್ತ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಾನೆ. ಆ ಹಾಡು ಕೇಳಿ ಅವರು ಕಿಟಕಿಗೆ ಬರುತ್ತಾರೆ.

ನಿಮ್ಮ ತಂದೆಯವರು ನಿಜವಾಗಿ ಹೇಗಿದ್ದರು? ಇಬ್ಬರೂ ಮೊದಲು ಆಡಿದ ಮಾತು ಯಾವುದು? ವರ್ಷದ ಕೊನೆಗೆ ಪುಸ್ತಕ ಅಚ್ಚಾಗಬೇಕು. ನಿಮಗೆ ನೋವಾಗುವುದಾದರೆ ಬರೆಯಬೇಡಿ. ಆದರೂ ಬರೆಯುತ್ತೀರಿ ಎಂಬ ಆಸೆ.

ಇಂತಿ,
ಕಾದಂಬರಿ ಬರೆಯುವವಳು


ಫೆಬ್ರವರಿ 19

ಕಥೆಗಾರ್ತಿಗೆ ಆಶೀರ್ವಾದಗಳು.

ಲಕೋಟೆಯ ಮೇಲೆ "ಮಾನ್ಯ" ಎಂದು ನೋಡಿ, ಪೋಸ್ಟಿನವನು ಮನೆ ತಪ್ಪಿದ ಅಂದುಕೊಂಡೆ. ಈ ಓಣಿಯಲ್ಲಿ ಮಾನ್ಯರು ಯಾರೂ ಇಲ್ಲ. ನನ್ನನ್ನು ಇಲ್ಲಿ ಗಂಟಜ್ಜಿ ಎನ್ನುತ್ತಾರೆ. ಬಲೆ ನೇಯುವುದು ನನ್ನ ಕಸುಬಾಗಿತ್ತು, ನಾನು ಹಾಕಿದ ಗಂಟು ಬಿಚ್ಚಿದ್ದಿಲ್ಲ. ಮನಸ್ಸಿನಲ್ಲಿ ಹಾಕಿಕೊಂಡ ಗಂಟೂ ಬಿಚ್ಚುವುದಿಲ್ಲ ಎಂದು ನನ್ನ ಸೊಸೆ ಪಾತ್ರೆಗಳಿಗೆ ಹೇಳುತ್ತಾಳೆ, ನನಗೆ ಕೇಳಿಸುವ ಹಾಗೆ.

ವರಸೆ ಎಣಿಸಿ ನೋಡಿದೆ. ನಿಮ್ಮಪ್ಪನಿಗೆ ನಾನು ಸೋದರತ್ತೆಯ ಮಗಳು, ಅವನಿಗಿಂತ ಕಿರಿಯಳು. ಆದ್ದರಿಂದ ನಿನಗೆ ಚಿಕ್ಕಮ್ಮನಾಗಬೇಕು. ಈ ವಯಸ್ಸಿನಲ್ಲಿ ಯಾರಾದರೂ ಹೆಸರಿನ ಮುಂದೆ ಚಿಕ್ಕ ಎಂದು ಸೇರಿಸಿದರೆ ಬೇಡ ಅನ್ನಲು ನಾನೇನು ಹುಚ್ಚಿಯೇ? ಹಾಗೆಯೇ ಕರೆ.

ಈಗ ನಮ್ಮಪ್ಪನ ವಿಷಯ. ಅವನಿಗೆ ಕಿವಿ ದೊಡ್ಡದು, ಮಾತು ಸಣ್ಣದು. ಕೂದಲು ನಾನು ಹುಟ್ಟುವ ಮೊದಲೇ ಊರು ಬಿಟ್ಟಿತ್ತು. ಹಾಡಿದ್ದು ಒಂದೇ ಸಲ, ಹಲ್ಲು ಕೀಳಿಸಿಕೊಂಡಾಗ. ದೋಣಿಗೆ ಡಾಂಬರು ಬಳಿಯುತ್ತಿದ್ದ. ಮತ್ತೆ, ಮಗಳೇ, ನಮ್ಮಮ್ಮ ಆ ಮನೆ ಬಿಟ್ಟಾಗ ಅವನು ಈ ಊರನ್ನೇ ಕಂಡಿರಲಿಲ್ಲ. ಅವನು ಬಂದಿದ್ದು, ಅವಳು ಓಣಿಯಲ್ಲಿ ಒಬ್ಬಳೇ ಬಾಡಿಗೆಗಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ನಮ್ಮಮ್ಮ ಯಾರ ಹಿಂದೆಯೂ ಹೋಗಲಿಲ್ಲ. ಹಿಂದೆ ಹೋದಳು, ಅಷ್ಟೆ.

ಇದು ನಿಮ್ಮ ಮನೆಯ ಕಿವಿಗೆ ಅರ್ಥವಾಗದ ಮಾತು, ಬಿಡಿಸಿ ಹೇಳುತ್ತೇನೆ. ಹಗ್ಗದ ಕೆಲಸ ಎಂದರೆ ಹಿಂದಕ್ಕೆ ನಡೆಯುವ ಕೆಲಸ. ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಒಬ್ಬರು ರಾಟೆ ತಿರುಗಿಸುತ್ತಿದ್ದ ಹಾಗೆ, ಬೆರಳುಗಳಿಂದ ನಾರು ಬಿಡುತ್ತ ಬಿಡುತ್ತ ಹಿಂದೆ ಹಿಂದೆ ಹೋಗಬೇಕು. ನಡೆದಷ್ಟು ಎಳೆ. ಅದಕ್ಕೇ ಆ ಕಾರ್ಖಾನೆ ಹಾವಿನ ಹಾಗೆ ಉದ್ದವಾಗಿದೆ. ಮೊದಲು ಸೇರಿದವರು ನಾರು ಬಾಚುತ್ತಾರೆ, ಆಮೇಲೆ ರಾಟೆ ತಿರುಗಿಸುತ್ತಾರೆ. ಕೈ ಕುದುರಿದ ಮೇಲೆ ಎಳೆ ಹೊಸೆಯಲು ಬಿಡುತ್ತಾರೆ. ಅದಕ್ಕೆ "ಹಿಂದೆ ಹೋಗುವುದು" ಅಂತ ಹೆಸರು. "ನಿನ್ನ ಮಗಳು ಹಿಂದೆ ಹೋದಳಂತೆ!" ಎಂದರೆ ನಮ್ಮ ಓಣಿಯಲ್ಲಿ ಸಿಹಿ ಹಂಚುವ ಮಾತು.

ಆ ದಿನ ನಿಮ್ಮ ಮನೆಯ ಬಾಗಿಲು ಕಾಯುವವನು ಹುಡುಕಿಕೊಂಡು ಬಂದನಂತೆ. ರಾಟೆಯವನನ್ನು ಕೇಳಿದ:

"ಸಣ್ಣಮ್ಮಾವ್ರು ಎಲ್ಲಯ್ಯಾ?"

"ಹಿಂದೆ ಹೋದ್ರಲ್ಲ."

"ಹಾಂ? ಯಾರ ಹಿಂದೆ?"

"ಕುಳ್ಳನ ಹಿಂದೆ."

ಕುಳ್ಳ ಮೊದಲು ಎಳೆ ಹಿಡಿದು ಹೊರಟಿದ್ದ, ಅವನಾದ ಮೇಲೆ ಇವಳು. ರಾಟೆಯವನು ಹೇಳಿದ್ದು ಅಷ್ಟೆ. ಬಾಗಿಲವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಓಡಿದ. ಕುಳ್ಳನಿಗೆ ಆಗಲೇ ಮೊಮ್ಮಕ್ಕಳಿದ್ದರು, ಬಾಯಲ್ಲಿ ಹಲ್ಲಿರಲಿಲ್ಲ. ನಮ್ಮಮ್ಮನ ಮೊಣಕೈಗೆ ಬರುತ್ತಿದ್ದ. ನಿನ್ನ ಗುಂಗುರು ಕೂದಲಿನವನು ಹುಟ್ಟಿದ್ದು ಹೀಗೆ. ಪಾಪ, ಅವನ ತಪ್ಪೇನೂ ಇಲ್ಲ.

ಗಂಟಜ್ಜಿ


ಮಾರ್ಚ್ 2

ಚಿಕ್ಕಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಒಬ್ಬಳೇ ನಕ್ಕೆ. ನಕ್ಕು ಮುಗಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ.

ನನ್ನ ಕಷ್ಟ ಕೇಳಿ. ಅರ್ಧ ಪುಸ್ತಕ ಪ್ರಕಾಶಕರ ಬಳಿ ಹೋಗಿಯಾಗಿದೆ. ಅಲ್ಲಿ ಓದಿದವರಿಗೆಲ್ಲ ಆ ಗುಂಗುರು ಕೂದಲಿನವನೆಂದರೆ ಪ್ರಾಣ. "ಅವನು ಇನ್ನೊಂದೆರಡು ಸಲ ಹಾಡಲಿ ಮೇಡಂ" ಎನ್ನುತ್ತಾರೆ. ಈಗ ನಾನು ಹೋಗಿ, ಅವನು ಇರಲೇ ಇಲ್ಲ, ಒಬ್ಬ ಬಾಗಿಲು ಕಾಯುವವನು ಒಂದು ಮಾತನ್ನು ತಪ್ಪಾಗಿ ಕೇಳಿಸಿಕೊಂಡ, ಒಬ್ಬ ಹೆಣ್ಣಿನ ಬಾಳೇ ಬೇರೆಯಾಯಿತು ಎಂದರೆ ಯಾರು ನಂಬುತ್ತಾರೆ? ಪ್ರೀತಿಗಾಗಿ ಮನೆ ಬಿಟ್ಟಳು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಹಗ್ಗ ಹೊಸೆಯಲು ಮನೆ ಬಿಟ್ಟಳು ಎಂದರೆ, ನಿಜ ಹೇಳುತ್ತೇನೆ, ನನಗೂ ಅರ್ಥವಾಗುತ್ತಿಲ್ಲ.

ಇನ್ನೊಂದು ಮಾತು. ತಪ್ಪು ಕೇಳಿಕೆಯೇ ಆಗಿದ್ದರೆ ಅವರೇ ಯಾಕೆ ಸರಿಪಡಿಸಲಿಲ್ಲ? ಒಂದು ಮಾತು ಸಾಕಿತ್ತಲ್ಲ. ಬಾಯಿ ತೆರೆದು "ನಾನು ಯಾರ ಹಿಂದೆಯೂ ಬಂದಿಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ ಎಂದರೆ ಹೇಳುವ ಹಾಗಿರಲಿಲ್ಲವೇನೋ. ತಾಯಂದಿರು ಮಕ್ಕಳಿಗೆ ಎಲ್ಲವನ್ನೂ ಹೇಳುವುದಿಲ್ಲ, ಚಿಕ್ಕಮ್ಮ.

ಕೋಪ ಬೇಡ.

ನಿಮ್ಮ ಕಥೆಗಾರ್ತಿ


ಮಾರ್ಚ್ 20

ಕಥೆಗಾರ್ತಿಗೆ,

ಕೋಪ ಬೇಡ ಎಂದು ಬರೆದಿದ್ದೀಯ, ಅಂದರೆ ಕೋಪ ಬರುತ್ತದೆ ಎಂದು ಗೊತ್ತಿದ್ದೇ ಬರೆದಿದ್ದೀಯ. ಜಾಣೆ. ಬಂತು. ಎರಡು ವಾರ ಪತ್ರವನ್ನು ಸಕ್ಕರೆ ಡಬ್ಬಿಯ ಕೆಳಗೆ ಒತ್ತಿಟ್ಟಿದ್ದೆ. ಈಗ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಮನೆಯ ಮಹಡಿಯ ಕಿಟಕಿಯಿಂದ ಕಾರ್ಖಾನೆ ಕಾಣುತ್ತದೆ. ಅದರ ಗೋಡೆ ಎದೆಯ ಎತ್ತರಕ್ಕೆ ಹಲಗೆ, ಅಲ್ಲಿಂದ ಮೇಲೆ ಬಯಲು. ಮೇಲಿನಿಂದ ನೋಡಿದರೆ ಬರೀ ತಲೆಗಳು ಕಾಣುತ್ತವೆ, ಕಾಲು ಕಾಣುವುದಿಲ್ಲ. ನಾರಿನ ಧೂಳು ಬಿಸಿಲಿಗೆ ಹೊಗೆಯ ಹಾಗೆ ನಿಂತಿರುತ್ತದೆ. ಅದರೊಳಗೆ ಮನುಷ್ಯರ ತಲೆಗಳು ಮೆಲ್ಲಗೆ ಹಿಂದೆ ಹಿಂದೆ ತೇಲಿ ಹೋಗುತ್ತವೆ. ನಮ್ಮಮ್ಮ ಹುಡುಗಿಯಾಗಿದ್ದಾಗ ಇವರೆಲ್ಲ ನಿದ್ದೆಯಲ್ಲಿ ನಡೆಯುತ್ತಿದ್ದಾರೆ ಅಂದುಕೊಂಡಿದ್ದಳಂತೆ. ಯಾರೋ ಹಿಂದಿನಿಂದ ಇವರನ್ನು ಕರೆಯುತ್ತಿದ್ದಾರೆ, ಅದು ನನಗೊಬ್ಬಳಿಗೆ ಕೇಳಿಸುತ್ತಿಲ್ಲ ಅಂತ. ಒಂದು ದಿನ ಅಪ್ಪನಿಗೆ ಕನ್ನಡಕ ಕೊಟ್ಟು ಬಾ ಎಂದು ಕೆಳಗೆ ಕಳಿಸಿದರು. ಬರುವ ದಾರಿಯಲ್ಲಿ ನಾರಿನ ರಾಶಿಗೆ ಕೈ ಹಾಕಿದಳು. "ಕೈ ವಾಪಸ್ ಬರ್ಲಿಲ್ಲ ಮಗಾ" ಎನ್ನುತ್ತಿದ್ದಳು.

ಆಮೇಲೆ ದಿನಾ ಮಧ್ಯಾಹ್ನ ಮನೆಯವರು ಮಲಗಿದಾಗ ಹಿತ್ತಲಿನಿಂದ ಇಳಿದು ಬರುತ್ತಿದ್ದಳು. ಕುಳ್ಳ ಕಲಿಸಿದ. ಅವಳ ಎತ್ತರ ನೋಡಿ ಎಲ್ಲರೂ ಉದ್ದಕ್ಕ ಎಂದು ಕರೆದರು. ಉದ್ದಕ್ಕನೂ ಕುಳ್ಳನೂ ಅಕ್ಕಪಕ್ಕ ಎಳೆ ಬಿಡುವಾಗ ಕಾರ್ಖಾನೆಗೆ ಕಾರ್ಖಾನೆಯೇ ನಗುತ್ತಿತ್ತಂತೆ.

ಅಷ್ಟರಲ್ಲಿ ಮನೆಯಲ್ಲಿ ಸಂಬಂಧ ಕುದುರಿತು. ಹುಡುಗ ಹಡಗಿನ ಮನೆಯವನು. ಹಡಗಿದ್ದವರಿಗೆ ಹಗ್ಗ ಬೇಕು, ಹಗ್ಗವಿದ್ದವರಿಗೆ ಹಡಗು ಬೇಕು, ಎರಡನ್ನೂ ಕಟ್ಟಲು ನಡುವೆ ಒಂದು ಹುಡುಗಿ ಬೇಕು. ಅವನು ಕೆಟ್ಟವನೇನೂ ಅಲ್ಲ. ಅವಳ ಕೈ ನೋಡಿ, "ಇದೇನು ಇಷ್ಟು ಒರಟು?" ಎಂದನಂತೆ, ಅಷ್ಟೆ. ಅವಳಿಗೆ ಆ ಒರಟಿನ ಮೇಲೆ ಎಷ್ಟು ಹೆಮ್ಮೆ ಇತ್ತು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಮರುದಿನ ಹಾಡಹಗಲೇ ಮುಂಬಾಗಿಲಿನಿಂದ ಇಳಿದು ಬಂದಳು, ಎಳೆ ಹಿಡಿದಳು, ಸಂಜೆಯಾದರೂ ಮನೆಗೆ ಹೋಗಲಿಲ್ಲ.

ಬಾಗಿಲವನು ಸುದ್ದಿ ಮುಟ್ಟಿಸಿದ ಮೇಲೆ ನಿನ್ನ ಅಜ್ಜ ಬಂದರು. ಅವಳು ಆಗ ಕಾರ್ಖಾನೆಯ ಅರ್ಧ ದಾಟಿದ್ದಳು. ನಡುವೆ ನಿಂತರೆ ಎಳೆ ಗಂಟಾಗುತ್ತದೆ, ನಿಲ್ಲುವ ಹಾಗಿಲ್ಲ. ಅವರು ಬಾಗಿಲಲ್ಲಿ ನಿಂತು ಕೂಗಿದರು:

"ಯಾರ ಹಿಂದೆ ಬಂದೆ? ಹೇಳೇ!"

ಅವಳು ಅವರ ಮುಖ ನೋಡುತ್ತಲೇ, ದೂರ ಹೋಗುತ್ತಲೇ ಕೂಗಿದಳು:

"ಹಿಂದೆ ಬಂದಿದ್ದು ನಿಜ ಕಣಣ್ಣಾ. ಇನ್ನು ಹಿಂದೆ ಹೋಗೋದು ಬಿಡಲ್ಲ!"

ಸುಳ್ಳು ಹೇಳಿದಳೇ? ಇಲ್ಲ. ಕಾರ್ಖಾನೆಯ ಮಾತಿನಲ್ಲಿ ನಿಜ ಹೇಳಿದಳು, ಮನೆಯ ಕಿವಿಯಲ್ಲಿ ಅದು ಬೇರೆಯಾಗಿ ಬಿತ್ತು. ಅಣ್ಣ ರಾಟೆಯವನ ಹತ್ತಿರ ಏನೋ ಕೇಳಿದ್ದು, ಸ್ವಲ್ಪ ಹೊತ್ತು ನಿಂತಿದ್ದು, ಹೊರಟು ಹೋಗಿದ್ದು ಅಷ್ಟು ದೂರದಿಂದ ಕಂಡಿತಂತೆ. ಏನು ಕೇಳಿದರೋ ಕೇಳಿಸಲಿಲ್ಲ.

ನೀನು ಕೇಳಿದ್ದನ್ನು ನಾನೂ ಅವಳನ್ನು ಕೇಳಿದ್ದೆ. "ಯಾಕಮ್ಮಾ ನಿಜ ಹೇಳ್ಲಿಲ್ಲ?" ಅಂದೆ. "ಯಾರೂ ಇಲ್ಲ ಅಂದಿದ್ರೆ ಕೈ ಹಿಡಿದು ಎಳ್ಕೊಂಡು ಹೋಗಿ ಕೋಣೇಲಿ ಕೂರಿಸ್ತಿದ್ರು. ಯಾರೋ ಇದಾನೆ ಅಂದ್ಕೊಂಡಿದ್ದಕ್ಕೆ ಬಾಗಿಲು ಹಾಕ್ಕೊಂಡ್ರು. ನಾನು ಹೊರಗೆ ಉಳ್ಕೊಂಡೆ." ಹೀಗೆ ಹೇಳಿ ನಕ್ಕಳು. ಕೆಲಸದಿಂದ ತೆಗೆಯಬೇಕಾದರೂ ಅವಳ ಹೆಸರೆತ್ತಬೇಕಲ್ಲ, ಮನೆಯವರು ಅದನ್ನೂ ಎತ್ತಲಿಲ್ಲ, ಅವಳು ಕಾರ್ಖಾನೆಯಲ್ಲೇ ಉಳಿದಳು.

ಅವಳಿಗೇನೋ ಆಯಿತು. ನನಗೆ? ಓಣಿಯಲ್ಲಿ ಮುದುಕಿಯರು ನನ್ನ ಗಲ್ಲ ಹಿಡಿದು "ಹಿಂದೆ ಹೋದವಳ ಮಗಳು" ಎನ್ನುತ್ತಿದ್ದರು. ಶಾಲೆಯಲ್ಲಿ ಅದೇ ಮಾತನ್ನು ಬಾಯಿಗೆ ಕೈ ಅಡ್ಡ ಹಿಡಿದು ಹೇಳುತ್ತಿದ್ದರು. ಒಂದೇ ಮಾತು. ಒಂದು ಕಡೆ ಕೇಳಿ ಬೆಳೆದೆ, ಇನ್ನೊಂದು ಕಡೆ ಕೇಳಿ ಕುಗ್ಗಿದೆ. ನನ್ನ ಮದುವೆಯ ದಿನವೂ ಯಾರೋ ಅದನ್ನು ಆಡಿದರು. ಯಾವ ಅರ್ಥದಲ್ಲಿ ಎಂದು ಇವತ್ತಿಗೂ ತಿಳಿದಿಲ್ಲ.

ಈಗ ಕಾರ್ಖಾನೆ ಇಲ್ಲ. ಪ್ಲಾಸ್ಟಿಕ್ ಹಗ್ಗ ಬಂತು, ರಾಟೆಗಳು ಗುಜರಿಗೆ ಹೋದವು, ಹಿಂದೆ ಹೋದವರೆಲ್ಲ ನಿಜವಾಗಿಯೂ ಹೋದರು. ಆ ಮಾತಿನ ನಮ್ಮ ಅರ್ಥ ಗೊತ್ತಿರುವವಳು ಈ ಓಣಿಯಲ್ಲಿ ನಾನೊಬ್ಬಳು ಉಳಿದಿದ್ದೇನೆ. ನಿನ್ನ ಪುಸ್ತಕ ಬಂದರೆ ನಿಮ್ಮ ಮನೆಯ ಅರ್ಥ ಅಚ್ಚಾಗುತ್ತದೆ. ನಾನು ಸತ್ತ ಮೇಲೆ ಅದೊಂದೇ ಇರುತ್ತದೆ.

ಅರ್ಥವಾಗುತ್ತಿಲ್ಲ ಎಂದೆಯಲ್ಲ, ಇದನ್ನು ಕೇಳು. ನಾನು ಚಿಕ್ಕವಳಿದ್ದಾಗ ಅವಳು ನನ್ನನ್ನು ರಾಟೆಯ ಪಕ್ಕದಲ್ಲಿ ಕೂರಿಸಿ ಕೆಲಸಕ್ಕೆ ಹೊರಡುತ್ತಿದ್ದಳು. ಬೇರೆ ಮಕ್ಕಳ ಅಮ್ಮಂದಿರು ಕೆಲಸಕ್ಕೆ ಹೋಗುವಾಗ ಬೆನ್ನು ಕಾಣುತ್ತದೆ. ನಮ್ಮಮ್ಮ ಎಷ್ಟು ದೂರ ಹೋದರೂ ಮುಖ ನನ್ನ ಕಡೆಗೇ ಇರುತ್ತಿತ್ತು. ಸಣ್ಣದಾಗುತ್ತ, ಧೂಳಿನಲ್ಲಿ ಮಸುಕಾಗುತ್ತ, ನಗುತ್ತ. ಅವಳ ಕೈಯಿಂದ ಹೊರಟ ಎಳೆ ನನ್ನ ಪಕ್ಕದ ಕೊಕ್ಕೆಯಲ್ಲಿ ನಡುಗುತ್ತಿತ್ತು. ನಾನು ಅದರ ಮೇಲೆ ಒಂದು ಬೆರಳಿಟ್ಟುಕೊಂಡು ಕೂತಿರುತ್ತಿದ್ದೆ.

ಅವನನ್ನು ತೆಗೆದುಹಾಕು.

ಚಿಕ್ಕಮ್ಮ


ಜೂನ್ 8

ಕಥೆಗಾರ್ತಿಗೆ,

ಬದುಕಿದ್ದೀಯಾ? ಪೋಸ್ಟಿನವನು ಈಗ ನನ್ನನ್ನು ಕಂಡರೆ ಸೈಕಲ್ ತಿರುಗಿಸಿಕೊಂಡು ಆಚೆ ಬೀದಿಯಿಂದ ಹೋಗುತ್ತಿದ್ದಾನೆ. "ಅಜ್ಜೀ, ಇದ್ರೆ ನಾನೇ ಓಡಿ ಬಂದು ಕೊಡಲ್ವಾ?" ಎನ್ನುತ್ತಾನೆ.

ಸುಮ್ಮನಿರುವುದೂ ಒಂದು ಉತ್ತರ ಎಂದು ನನಗೆ ಗೊತ್ತು. ಆ ಮನೆಯಿಂದ ನಮಗೆ ಅಂಥ ಉತ್ತರಗಳು ಬಹಳ ಬಂದಿವೆ. ನೀನೂ ಅದನ್ನೇ ಕಳಿಸುವುದಾದರೆ ಕಳಿಸು. ಆದರೆ ಚಿಕ್ಕಮ್ಮ ಎಂದು ಕರೆದ ಮೇಲೆ ಕಳಿಸಬಾರದಾಗಿತ್ತು.

ಗಂಟಜ್ಜಿ


ಜೂನ್ 25

ಚಿಕ್ಕಮ್ಮ,

ಸುಮ್ಮನಿದ್ದದ್ದು ನಿಜ. ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದ್ದೆ. ಅದಾದ ಮೇಲೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅಪ್ಪ ಮಹಡಿಯ ಕೋಣೆಯಲ್ಲಿ, ಅದೇ ಕಿಟಕಿಯ ಹತ್ತಿರ ಕೂರುತ್ತಾರೆ. ಬೀಗ ಹಾಕುವಾಗ ಗೋಡೆಯ ಮೇಲಿನ ಬಯಲಿಗೆಲ್ಲ ತಗಡು ಬಡಿದರು, ಈಗ ಅಲ್ಲಿಂದ ಕಾರ್ಖಾನೆಯ ಸೂರು ಮಾತ್ರ ಕಾಣುತ್ತದೆ, ಅದರ ಮೇಲೆ ಹುಲ್ಲು. ನಾನು ಓದುವಾಗ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಬಂತೇನೋ ಅಂದುಕೊಂಡೆ. "ಕುಳ್ಳನ ಹಿಂದೆ" ಎಂಬಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು. ಕೆಮ್ಮು ಬರುವಷ್ಟು ನಕ್ಕು, ನೀರು ಕುಡಿದು ಹೇಳಿದರು:

"ನಮ್ಮಪ್ಪ ರಾಟೆಯವನನ್ನ ಕೇಳಿದ್ದು ಏನು ಗೊತ್ತಾ? 'ಯಾವನಯ್ಯಾ ಆ ಕುಳ್ಳ? ಕರಿ ಅವನನ್ನ!' ಅಂತ. ಪಕ್ಕದಲ್ಲೇ ಎಳೆ ಮುಗಿಸಿ ಬಂದು ನೀರು ಕುಡೀತಿದ್ದ ಮುದುಕ ಕೈ ಎತ್ತಿ, 'ನಾನೇ ಬುದ್ಧೀ' ಅಂದನಂತೆ. ಬಾಯಿ ಅಗಲ ಮಾಡ್ಕೊಂಡು."

ಅಜ್ಜನಿಗೆ ಅಲ್ಲೇ, ಆ ಕ್ಷಣವೇ ಗೊತ್ತಾಯಿತು, ಚಿಕ್ಕಮ್ಮ. ತಂಗಿ ಯಾರ ಹಿಂದೆಯೂ ಬಂದಿಲ್ಲ ಎಂದು. ಅದಕ್ಕೇ ಸ್ವಲ್ಪ ಹೊತ್ತು ನಿಂತಿದ್ದು. ಮನೆಗೆ ಹೋಗಿ ಮುತ್ತಜ್ಜನಿಗೆ ಹೇಳಿದರಂತೆ, "ಯಾರೂ ಇಲ್ಲಪ್ಪಾ. ಸುಮ್ನೆ ಹಗ್ಗ ಹೊಸೀತಾ ಇದಾಳೆ." ಮುತ್ತಜ್ಜ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹೇಳಿದರಂತೆ: "ಗಂಡಸಿನ ಹಿಂದೆ ಹೋದಳು ಅಂದ್ರೆ ಹುಡುಗಿ ಕೆಟ್ಟಳು ಅಂತಾರೆ. ಕೂಲಿಗೆ ಹೋದಳು ಅಂದ್ರೆ ಮನೆ ಕೆಟ್ಟಿತು ಅಂತಾರೆ. ಹುಡುಗಿ ಕೆಡಲಿ."

ಕಾರ್ಖಾನೆಯ ಬೀಗದ ಕೈ ಒಪ್ಪಿಸಿದ ದಿನ ಅಜ್ಜ ಇದನ್ನು ಅಪ್ಪನಿಗೆ ಹೇಳಿದ್ದು. ಹೇಳಿ, ಇನ್ನು ಯಾರಿಗೂ ಹೇಳಬೇಡ ಅಂದರಂತೆ. ಅಪ್ಪ ಹೇಳಿರಲಿಲ್ಲ. ನನಗೂ ಬರೆಯಬೇಡ ಎಂದರು. ಗದರಿ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಹೇಳಿದರು: "ಕಾರ್ಖಾನೆ ಹೋಯ್ತು, ಅರ್ಧ ಮನೆ ಹೋಯ್ತು. ನಮ್ಮಪ್ಪ ಒಳ್ಳೆಯವನು ಅನ್ನೋದೊಂದು ಉಳಿದಿದೆ ನನಗೆ. ಆ ಪ್ರೀತಿ ಕಥೆನೇ ಬರಿಯಮ್ಮ. ಅದರಲ್ಲಿ ಯಾರೂ ಕೆಟ್ಟವರಿಲ್ಲ."

ಅದೂ ನಿಜವೇ. ಗುಂಗುರು ಕೂದಲಿನವನು ಇದ್ದರೆ ಅದರಲ್ಲಿ ಯಾರೂ ಕೆಟ್ಟವರಿಲ್ಲ. ಸಣ್ಣಮ್ಮನೂ ಸುಂದರ, ಮನೆಯೂ ಗಂಭೀರ. ಅವನನ್ನು ತೆಗೆದರೆ ಅಜ್ಜ ಸುಳ್ಳುಗಾರರಾಗುತ್ತಾರೆ. ಇಟ್ಟರೆ ನಿಮಗೆ ಮತ್ತೆ ಅದೇ ಮಾತು.

ಏನು ಮಾಡಲಿ, ಹೇಳಿ.

ನಿಮ್ಮ ಮಗಳು


ಜುಲೈ 9

ಮಗಳೇ,

ಅಂದರೆ ಅವರಿಗೆ ಗೊತ್ತಿತ್ತು.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ, ನಾಲ್ಕು ದಿನದ ಮೇಲೆ ಮತ್ತೆ ಹಿಡಿದಿದ್ದೇನೆ. ಸೊಸೆ ಹೆದರಿದ್ದಾಳೆ, ನಾನು ಯಾರ ಮೇಲೂ ರೇಗುತ್ತಿಲ್ಲವಲ್ಲ ಎಂದು.

ಅಮ್ಮ ಸಾಯುವ ತನಕ ತಾನು ಅವರಿಗೆ ಟೋಪಿ ಹಾಕಿದೆ ಎಂದೇ ನಂಬಿದ್ದಳು. ಹಬ್ಬದ ಬಟ್ಟೆಯ ಹಾಗೆ ಆ ಗುಟ್ಟನ್ನು ಮಡಿಸಿ ಇಟ್ಟುಕೊಂಡಿದ್ದಳು. ಅವರಿಗೂ ಗೊತ್ತು ಎಂದು ಅವಳಿಗೆ ಗೊತ್ತಾಗಲಿಲ್ಲವಲ್ಲ, ಅದೊಂದು ಪುಣ್ಯ.

ಒಂದು ಕನಸು ಬಿತ್ತು. ಕಾರ್ಖಾನೆಗೆ ಈ ಕಡೆ ಬಾಗಿಲೂ ಇಲ್ಲ, ಆ ಕಡೆ ಕೊನೆಯೂ ಇಲ್ಲ. ನಡುವೆ ಅಮ್ಮ ಮತ್ತು ಮಾವ, ಅಂದರೆ ನಿನ್ನ ಅಜ್ಜ, ಇಬ್ಬರೂ ಚಿಕ್ಕವರು, ಒಂದೇ ಎಳೆಯ ಎರಡು ತುದಿ ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡುತ್ತ ಹಿಂದೆ ಹಿಂದೆ ಹೋಗುತ್ತಿದ್ದಾರೆ. ಎಳೆ ಬಿಗಿಯಾಗುತ್ತದೆ, ಯಾರೂ ಬಿಡುವುದಿಲ್ಲ. ಇಬ್ಬರೂ ನಗುತ್ತಿದ್ದಾರೆ. ನಾನು ಎಲ್ಲಿದ್ದೇನೆ ಎಂದು ಹುಡುಕಿದೆ. ಆ ಎಳೆಯೇ ನಾನು. ಎದ್ದು ಕೂತಾಗ ಮೈಯೆಲ್ಲ ಎಳೆದು ಕಟ್ಟಿದ ಹಾಗಿತ್ತು.

ನಿಮ್ಮಪ್ಪ ನನ್ನ ಮಾವನ ಮಗ. ಅವನನ್ನು ನೋಯಿಸು ಎಂದು ನಾನು ಹೇಳುವುದಿಲ್ಲ. ತನ್ನ ಅಪ್ಪ ಒಳ್ಳೆಯವನಾಗಿರಲಿ ಎಂದು ಅವನಿಗೆ ಆಸೆ. ನನ್ನ ಅಮ್ಮ ತಾನಾಗಿ ನಡೆದವಳು ಎಂದು ನಾಲ್ಕು ಜನಕ್ಕೆ ತಿಳಿಯಲಿ ಎಂದು ನನಗೆ ಆಸೆ. ಇಬ್ಬರೂ ಮುದುಕರು, ಇಬ್ಬರಿಗೂ ಒಂದೊಂದೇ ಆಸೆ. ಎರಡೂ ಒಂದೇ ಪುಸ್ತಕದಲ್ಲಿ ಹಿಡಿಸುತ್ತವೆಯೇ ಎಂದು ಬರೆಯುವವಳು ನೀನೇ ನೋಡು. ನನ್ನನ್ನು ಕೇಳಬೇಡ. ನಾನು ಬಲೆ ನೇಯುವವಳು, ಬಲೆಯಲ್ಲಿ ದಾರಕ್ಕಿಂತ ತೂತೇ ಹೆಚ್ಚು.

ನಿಮ್ಮಪ್ಪನಿಗೆ ಕೆಮ್ಮಿಗೆ ಬಿಸಿನೀರು ಕೊಡು. ತಣ್ಣೀರು ಕೊಡಬೇಡ.

ಚಿಕ್ಕಮ್ಮ


ಸೆಪ್ಟೆಂಬರ್ 30

ಚಿಕ್ಕಮ್ಮ,

ಬೀಗ ತೆಗೆಸಿ ಕಾರ್ಖಾನೆಗೆ ಹೋಗಿದ್ದೆ. ಒಳಗೆ ಇನ್ನೂ ನಾರಿನ ವಾಸನೆ ಇದೆ. ಒಂದು ಕಂಬಕ್ಕೆ ದಾರದ ಉಂಡೆಯ ತುದಿ ಕಟ್ಟಿ, ಬಿಡುತ್ತ ಬಿಡುತ್ತ ಹಿಂದೆ ನಡೆದೆ. ಮೊದಲು ಮತ್ತೆ ಮತ್ತೆ ಕತ್ತು ತಿರುಗಿಸಿ ನೋಡಿದೆ, ನೋಡಿದಾಗಲೆಲ್ಲ ದಾರ ಸಡಿಲವಾಯಿತು. ಆಮೇಲೆ ನೋಡುವುದನ್ನು ಬಿಟ್ಟೆ. ಬಾಗಿಲ ಬೆಳಕು ಅಂಗೈಯಷ್ಟಾಯಿತು, ಆಮೇಲೆ ಉಗುರಿನಷ್ಟಾಯಿತು. ಎಷ್ಟು ಹೊತ್ತು ನಡೆದೆನೋ ತಿಳಿಯಲಿಲ್ಲ. ಯಾರ ಮಗಳು, ಏನು ಬರೆಯಬೇಕು, ಯಾವುದೂ ನೆನಪಾಗಲಿಲ್ಲ. ಯಾವುದೋ ಹಳೆಯ ಬುಟ್ಟಿಗೆ ಕಾಲು ತಗುಲಿ ಕುಕ್ಕರಬಡಿದಾಗಲೇ ಎಚ್ಚರ. ಕೂತಲ್ಲೇ ಕೂತು, ಸಣ್ಣಮ್ಮ ಯಾಕೆ ಮನೆಗೆ ಹೋಗಲಿಲ್ಲ ಎಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ ಅನ್ನಿಸಿತು.

ಅವನನ್ನು ತೆಗೆದೆ. ಹಾಡನ್ನೂ ತೆಗೆದೆ. ಪ್ರಕಾಶಕರು "ಮೇಡಂ, ಅಡುಗೆಯಲ್ಲಿ ಉಪ್ಪೇ ಇಲ್ಲ" ಎಂದರು. ಉಪ್ಪಿಲ್ಲದೆಯೇ ಬಡಿಸಿ ಎಂದೆ. ಅಜ್ಜನನ್ನು ಇದ್ದ ಹಾಗೆ ಬರೆದಿದ್ದೇನೆ: ಕಾರ್ಖಾನೆಯ ಬಾಗಿಲಲ್ಲಿ ನಿಜವನ್ನು ಕಂಡು, ಮನೆಗೆ ಹೋಗಿ ಅಪ್ಪನಿಗೆ ನಿಜವನ್ನೇ ಹೇಳಿ, ಆಮೇಲೆ ಸುಮ್ಮನಾದವರು. ಒಳ್ಳೆಯವರೋ ಕೆಟ್ಟವರೋ ಎಂದು ಬರೆದಿಲ್ಲ. ನನಗೇ ತಿಳಿದಿಲ್ಲ.

ಅಚ್ಚಿಗೆ ಹೋಗುವ ಮುಂಚೆ ಹಾಳೆಗಳನ್ನು ಅಪ್ಪನ ಕುರ್ಚಿಯ ಪಕ್ಕದಲ್ಲಿಟ್ಟೆ. ಓದಿದರು. ನನ್ನ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಾರೆ, ತಿನ್ನುತ್ತಾರೆ, ಎದ್ದು ಹೋಗುತ್ತಾರೆ. ಹೀಗೇ ಎಷ್ಟೋ ದಿನ ಆಯಿತು. ಮೊನ್ನೆ ಪ್ರಕಾಶಕರ ಕಡೆಯ ಹುಡುಗಿ ಹಾಳೆ ಒಯ್ಯಲು ಬಂದಾಗ ಮಹಡಿಯಿಂದ ಕೂಗಿದರು: "ತಡಿಯಮ್ಮಾ!" ಕೋಲು ಊರಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಇನ್ನೇನು ಹರಿದು ಹಾಕುತ್ತಾರೆ ಅಂದುಕೊಂಡೆ. ಹಾಳೆ ತಿರುವಿ, ಕುಳ್ಳ ಬರುವ ಕಡೆ ಬೆರಳಿಟ್ಟರು.

"ಹಲ್ಲೇ ಇರ್ಲಿಲ್ಲ ಅಂತ ಬರ್ದಿದೀಯ. ತಪ್ಪು. ಮುಂದೆ ಒಂದು ಇತ್ತು. ನಮ್ಮಪ್ಪ ಹೇಳಿದ್ದು. ತಿದ್ದು."

ತಿದ್ದಿದೆ, ಚಿಕ್ಕಮ್ಮ.

ನಿಮ್ಮ ಮಗಳು


ಜನವರಿ 17

ಮಗಳೇ,

ಪುಸ್ತಕ ಬಂತು. ಪೋಸ್ಟಿನವನು ಕಟ್ಟು ಬಿಚ್ಚುವ ತನಕ ಅಲ್ಲಾಡಲಿಲ್ಲ. "ಅಜ್ಜೀ, ಇದರಲ್ಲಿ ನಾನಿದೀನಾ?" ಎಂದು ಕೇಳಿದ. ಮುಂದಿನದರಲ್ಲಿ ಇರುತ್ತೀಯ, ಹೋಗು ಎಂದೆ.

ನನ್ನ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ ಹತ್ತುವುದಿಲ್ಲ. ಸೊಸೆ ಓದಿದಳು. ಅವಳಿಗೆ ಪಾತ್ರೆಗಳಿಗೆ ಹೇಳಿ ಹೇಳಿ ದನಿ ಚೆನ್ನಾಗಿ ಪಳಗಿದೆ. ಮೊದಲ ದಿನ ನಾವಿಬ್ಬರೇ ಇದ್ದೆವು. ಎರಡನೆಯ ದಿನ ಎದುರುಮನೆಯವಳು ಸೊಪ್ಪು ಸೋಸುವ ನೆಪದಲ್ಲಿ ಬಂದಳು. ಆಮೇಲೆ ಟೈಲರನ ಹೆಂಡತಿ ಗುಂಡಿ ಹೊಲಿಯುವ ಅಂಗಿಗಳನ್ನು ಹೊತ್ತುಕೊಂಡು ಬಂದಳು. ವಾರ ಕಳೆಯುವಷ್ಟರಲ್ಲಿ ಜಗಲಿ ತುಂಬಿ ಮೆಟ್ಟಿಲ ತನಕ ಹೆಂಗಸರು. ಮಧ್ಯಾಹ್ನದ ಬಿಸಿಲು, ಒಬ್ಬೊಬ್ಬರ ಕೈಯಲ್ಲೂ ಏನಾದರೊಂದು ಕೆಲಸ, ಬಾಯಿ ಮಾತ್ರ ಸುಮ್ಮನೆ. ಈ ಓಣಿಯಲ್ಲಿ ಅಷ್ಟು ಹೊತ್ತು ಅಷ್ಟು ಬಾಯಿ ಸುಮ್ಮನಿದ್ದದ್ದು ನಾನು ಕಂಡಿಲ್ಲ.

ಅವರೆಲ್ಲ ಕಥೆ ಮೊದಲೇ ಬಲ್ಲೆವು ಅಂದುಕೊಂಡು ಬಂದವರು. ಉದ್ದಕ್ಕ ಯಾವನದೋ ಹಿಂದೆ ಹೋದಳು, ಅದನ್ನೇ ಬರೆದಿರುತ್ತಾರೆ ಅಂತ. ಆದ್ದರಿಂದ ಎಲ್ಲರೂ ಅವನಿಗಾಗಿ ಕಾಯತೊಡಗಿದರು. ರಾಟೆಯವನು ಬಂದ, "ಇವನೇನಾ?" ಎಂದರು. ಅಲ್ಲ. ಹಡಗಿನ ಮನೆಯವನು ಬಂದ, "ಇವನಂತೂ ಅಲ್ಲ" ಎಂದರು. ಕುಳ್ಳ ಬಂದು ಒಂದೇ ಹಲ್ಲು ತೋರಿಸಿದಾಗ ಟೈಲರನ ಹೆಂಡತಿ ಸೂಜಿ ಚುಚ್ಚಿಕೊಂಡಳು, ಅಷ್ಟು ನಗು. "ಸರಿ, ಇನ್ನು ಬರ್ತಾನೆ ನೋಡು" ಎಂದಳು ಎದುರುಮನೆಯವಳು.

ಆಮೇಲೆ ಅವಳು ಕಿಟಕಿ ಬಿಟ್ಟು ಮೆಟ್ಟಿಲಿಳಿದು ಬರುವ ಭಾಗ. ಸೊಸೆ ನಿಧಾನವಾಗಿ ಓದಿದಳು. ಅವಳು ನಾರನ್ನು ಸೊಂಟಕ್ಕೆ ಸುತ್ತಿಕೊಂಡಳು. ತುದಿ ಕೊಕ್ಕೆಗೆ ಸಿಕ್ಕಿಸಿದಳು. ರಾಟೆ ತಿರುಗಿತು. ನೀನು ಅಲ್ಲಿಂದ ಒಂದು ಹಾಳೆ, ಎರಡು ಹಾಳೆ, ಅವಳು ನಡೆಯುವುದನ್ನಷ್ಟೇ ಬರೆದಿದ್ದೀಯ. ಧೂಳು, ಬಿಸಿಲು, ಬೆರಳು, ಎಳೆ. ಇನ್ನೇನೂ ಇಲ್ಲ. ನನಗೆ ಎಷ್ಟೋ ವರ್ಷಗಳ ಮೇಲೆ ಅವಳ ಮುಖ ನೆಟ್ಟಗೆ ಕಂಡಿತು. ಸಣ್ಣದಾಗುತ್ತ ಹೋಗುತ್ತಿತ್ತು, ಆದರೆ ಹೋಗಿ ಮುಗಿಯುತ್ತಿರಲಿಲ್ಲ.

ಅಷ್ಟರಲ್ಲಿ ಟೈಲರನ ಹೆಂಡತಿಗೆ ತಡೆಯಲಾಗಲಿಲ್ಲ. "ಅಯ್ಯೋ, ಆ ಗಂಡಸು ಎಲ್ಲಿ ಸತ್ನೇ? ಯಾವಾಗ ಬರ್ತಾನೆ?" ಎಂದಳು.

ಎದುರುಮನೆಯವಳು ಸೊಪ್ಪಿನಿಂದ ತಲೆ ಎತ್ತದೆಯೇ ಹೇಳಿದಳು:

"ಶ್! ಸುಮ್ನಿರೇ. ಅವಳು ಕೆಲಸದಲ್ಲಿದಾಳೆ."

ಚಿಕ್ಕಮ್ಮ